ಕಾಯಕದಲ್ಲಿ ಗಾಯಗೊಂಡವರ ಪರಿಹಾರದ ಹಕ್ಕು

(ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಂಬ ಈ ನಾಲ್ಕು ತಾಲೂಕುಗಳ ಸೀಮೆಯು ಮೈಮುರಿದು ದುಡಿದು ಉಣ್ಣುವವರ ಸೀಮೆಯಾಗಿರುವದು. ಬೈಲಹೊಂಗಲದ ಪೇಟೆಯ ಅರಳೆಯೂ, ರಾಮದುರ್ಗದ ಮಗ್ಗಗಳ ಸೀರೆಯೂ ಹಿಂದಿನಿಂದ ಹೆಸರಾದುವು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಮುಗಿದ ತರುವಾಯ ಕಬ್ಬಿನ ಬೆಳೆಯೂ ಅದರ ಬೆನ್ನಿಗೆ ಸಕ್ಕರೆಯ ಕಾರಖಾನೆಗಳೂ ಈ ಭಾಗದಲ್ಲಿ ಹೆಚ್ಚಿದುವು. ಯಂತ್ರವು ಬಂದಲ್ಲಿ ಯಂತ್ರದ ಅಪಾಯವೂ ಬಂದೇ ಬರುವದು. ರಾಶಿಯ ಯಂತ್ರದಲ್ಲಿ ತೆನೆಯೊಡನೆ ಅಂಗೈಯೂ ಹೋದವನು, ಅರಳೆಯ ಗಿರಣಿಯ ಪಟ್ಟಿಗೆ ಸೆರಗು ಸಿಕ್ಕು ತೋಳು ಮುರಿದವಳು, ಕಬ್ಬಿನ ಟ್ರೇಲರು ಮಗುಚಿ ಅದರ ಅಡಿಯಲ್ಲಿ ಸಿಕ್ಕವನು, ಇಂಥವರು ಯಾವ ಊರಿಗೂ ಅಪರಿಚಿತರಲ್ಲ. ಅವರಿಗೆ ಮರುಗುವವರು ಬಹಳ. ಅವರಿಗೆ ಸಲ್ಲತಕ್ಕುದು ಏನೆಂದು ತಿಳಿಸಿ ಹೇಳುವವರು ಕಡಿಮೆ. ಕಾಯಕವನ್ನು ಪೂಜೆಗೆ ಸಮನೆಂದು ಎಣಿಸುವ ಸಮಾಜದಲ್ಲಿ ಈ ವಿಷಯವನ್ನು ಎತ್ತುವದು ಅಪ್ರಸ್ತುತವೆನಿಸಲಾರದು.

ಪರಿಹಾರವು ಮಾಲಕನ ಔದಾರ್ಯವೆಂದು ಜನರು ತಿಳಿದಿರುವರು. ಅದು ಔದಾರ್ಯವಲ್ಲ, ಋಣ; ಅದೂ ನೂರು ವರ್ಷಕ್ಕೆ ಮೀರಿದ ಋಣ. ಕಾರ್ಮಿಕರ ಪರಿಹಾರದ ಕಾಯಿದೆಯು 1923ರಲ್ಲಿ ಹುಟ್ಟಿ 1924ರ ಜುಲೈ 1ರಿಂದ ಆಚರಣೆಗೆ ಬಂದಿತು. ಕಿತ್ತೂರಿನ ಕೋಟೆಯ ಮುಂದೆ 1824ರಲ್ಲಿ ನಡೆದ ಕಾಳಗಕ್ಕೆ ಸರಿಯಾಗಿ ನೂರನೆಯ ವರ್ಷವದು. ಅಂದು ಈ ಕಾಯಿದೆಯು ಬ್ರಿಟಿಷ್ ಹಿಂದುಸ್ಥಾನಕ್ಕಷ್ಟೇ ಸಲ್ಲುತ್ತಿದ್ದುದರಿಂದ ಒಂದು ವಿಚಿತ್ರವು ಒದಗಿತು. ಮುಂಬಯಿ ಆಧಿಪತ್ಯದೊಳಗಣ ಬೈಲಹೊಂಗಲ, ಸವದತ್ತಿಗಳ ಗಿರಣಿಯವನಿಗೆ ಅದರ ಆಸರೆಯುಂಟು. ಗಡಿಯಾಚೆ ಸಂಸ್ಥಾನವಾಗಿದ್ದ ರಾಮದುರ್ಗದಲ್ಲಿ ಅದೇ ಕೆಲಸದಲ್ಲಿ ಅದೇ ಬೆರಳು ಹೋದವನಿಗೆ ಅದರ ಆಸರೆಯಿಲ್ಲ. 1948ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಈ ಭೇದವು ಅಳಿಯಿತು. 2009ರ ತಿದ್ದುಪಡಿಯಿಂದ ಕಾಯಿದೆಯ ಹೆಸರಿನಲ್ಲಿ 'ಕಾರ್ಮಿಕ'ನು ಹೋಗಿ 'ನೌಕರ'ನು ಬಂದನು. ಈಗ, 2025ರ ನವೆಂಬರ 21ರಿಂದ, 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನದಲ್ಲಿ ನಿಂತಿರುವದು. ಹಳೆಯ ಕಾಯಿದೆಯ ತಿರುಳೆಲ್ಲ ಸಂಹಿತೆಯ ಏಳನೆಯ ಅಧ್ಯಾಯದಲ್ಲಿ ಇಳಿದು ಬಂದಿದೆ. 'ಆಯುಕ್ತ'ನೆಂದು ಕರೆಯಿಸಿಕೊಳ್ಳುತ್ತಿದ್ದವನು ಈಗ 'ಸಕ್ಷಮ ಅಧಿಕಾರಿ'ಯಾಗಿರುವನು.

ಆ ತಿರುಳು ಯಾವದೆಂದರೆ, ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ, ಅಪಘಾತವೊದಗಿ ನೌಕರನಿಗೆ ಗಾಯವಾದರೆ ಮಾಲಕನು ಪರಿಹಾರವನ್ನು ಕೊಡತಕ್ಕದ್ದು. ತಪ್ಪು ಮಾಲಕನದೆಂದು ಸಾಧಿಸುವ ಹೊರೆಯು ಗಾಯಾಳುವಿನ ಮೇಲಿಲ್ಲ. ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಏಕೆಂದರೆ 'ನಿನ್ನ ಕೈ ನೀನೇ ಕೊಟ್ಟಿ, ನಾವೇನು ಮಾಡೋಣ' ಎಂಬ ಒಂದೇ ಮಾತಿಗೆ ಬಾಯಿಮುಚ್ಚಿ ಮನೆಗೆ ತಿರುಗಿದವರು ಎಷ್ಟೋ ಮಂದಿ. ಕ್ಷಣಹೊತ್ತಿನ ಅಜಾಗರೂಕತೆಯು ಹಕ್ಕನ್ನು ಕೆಡಿಸುವದಿಲ್ಲ. ಕುಡಿದ ಅಮಲಿನಲ್ಲಿದ್ದರೆ, ಸುರಕ್ಷತೆಯ ಅಪ್ಪಣೆಯನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ಕಾಪನ್ನು ತಿಳಿದೂ ತೆಗೆದಿದ್ದರೆ ಮಾತ್ರ ಮಾಲಕನಿಗೆ ಬಿಡುಗಡೆ. ಅದೂ ಗಾಯವು ಚಿಕ್ಕದಾಗಿದ್ದಾಗಲೇ ಹೊರತು, ಮರಣವಾಗಲಿ ಸಂಪೂರ್ಣವಾದ ಶಾಶ್ವತ ಅಶಕ್ತತೆಯಾಗಲಿ ಒದಗಿದಲ್ಲಿ ಆ ನೆವವೂ ನಿಲ್ಲದು. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಒದಗಿದ ಅಪಘಾತವು, ಹೊತ್ತು ಸ್ಥಳ ಸಂದರ್ಭಗಳು ಕೆಲಸಕ್ಕೆ ಹೊಂದಿಕೊಂಡಿದ್ದರೆ, ಕೆಲಸದ್ದೇ ಎಂದು ಹೊಸ ಸಂಹಿತೆಯು ಎಣಿಸುವದು.

ಇನ್ನೊಂದು ನೆವವುಂಟು: 'ಅವನು ನಮ್ಮ ಆಳಲ್ಲ, ಗುತ್ತಿಗೆದಾರನ ಆಳು.' ಕಬ್ಬು ಕಡಿಯುವ ತಂಡಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ಈ ಮಾತು ನಿತ್ಯವೂ ಕೇಳಬರುವದು. ಗುತ್ತಿಗೆದಾರನು ಇಂದು ಇಲ್ಲಿ, ನಾಳೆ ಎಲ್ಲಿಯೋ. ಕಾಯಿದೆಯು ಇದನ್ನು ಮೊದಲೇ ಬಲ್ಲುದು. ತನ್ನ ಉದ್ಯೋಗದ ಕೆಲಸವನ್ನು ಗುತ್ತಿಗೆಗೆ ಕೊಟ್ಟು ಮಾಡಿಸಿಕೊಂಡ ಮೂಲಮಾಲಕನೇ ಪರಿಹಾರಕ್ಕೆ ಹೊಣೆ. ಅವನು ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ದಿನಗೂಲಿಯವನೆಂಬ ಕಾರಣದಿಂದಲೂ ಹಕ್ಕು ತಪ್ಪದು.

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಿರಿ. ತಿಂಗಳಿಗೆ 12,000 ರೂಪಾಯಿ ದುಡಿಯುವ ಮೂವತ್ತು ವರ್ಷದ ಒಬ್ಬನು ಕೆಲಸದಲ್ಲಿ ತೀರಿಕೊಂಡನೆಂದು ಭಾವಿಸಿರಿ. ವೇತನದ ಅರ್ಧ 6,000. ಮೂವತ್ತರ ವಯಸ್ಸಿಗೆ ಕಾಯಿದೆಯ ಕೋಷ್ಟಕವು ಗೊತ್ತುಪಡಿಸಿದ ಗುಣಾಂಕ 207.98, ಗುಣಿಸಿದರೆ 12,47,880 ರೂಪಾಯಿ. ಪ್ರಾಯವು ಹೆಚ್ಚಿದಂತೆ ಗುಣಾಂಕವು ಇಳಿಯುವದು. ನಾಲ್ವತ್ತಕ್ಕೆ ಅದು 184.17. ಸಂಪೂರ್ಣ ಶಾಶ್ವತ ಅಶಕ್ತತೆಯಾದರೆ ವೇತನದ ಅರ್ಧಕ್ಕೆ ಬದಲು ನೂರಕ್ಕೆ ಅರವತ್ತನ್ನು ಹಿಡಿಯಬೇಕು. ಅಂಗವೊಂದು ಹೋದಾಗ ದುಡಿಯುವ ಶಕ್ತಿಯಲ್ಲಿ ಎಷ್ಟು ಪಾಲು ನಷ್ಟವೆಂಬದಕ್ಕೂ ಪಟ್ಟಿಯಿದೆ: ಹೆಬ್ಬೆರಳಿಗೆ ನೂರಕ್ಕೆ ಮೂವತ್ತು, ಇಡಿಯ ತೋರುಬೆರಳಿಗೆ ಹದಿನಾಲ್ಕು, ಹಸ್ತವೇ ಹೋದರೆ ಅರವತ್ತು. ಮೇಲಿನ ಆ ಮೂವತ್ತರ ಯುವಕನಿಗೇ ಹಸ್ತವು ಹೋಗಿದ್ದರೆ ಎಂಟು ಲಕ್ಷ ತೊಂಬತ್ತೆಂಟು ಸಾವಿರಕ್ಕೆ ಮೀರಿ ಸಲ್ಲುವದು. ಮದ್ದಿನ ನಿಜವಾದ ವೆಚ್ಚವು ಇದರಿಂದ ಬೇರೆ. ಪರಿಹಾರವನ್ನು ಒಂದು ತಿಂಗಳೊಳಗಾಗಿ ಕೊಡದಿದ್ದರೆ ಹಳೆಯ ಕಾಯಿದೆಯಂತೆ ನೂರಕ್ಕೆ ಹನ್ನೆರಡರಂತೆ ಬಡ್ಡಿ ಸಲ್ಲುತ್ತಿತ್ತು. ಸಕಾರಣವಿಲ್ಲದೆ ತಡೆದರೆ ಅರ್ಧದವರೆಗೆ ದಂಡ.

ಪಟ್ಟಿಯ ಅಂಕಿಯೇ ಕೊನೆಯ ಮಾತಲ್ಲವೆಂಬದಕ್ಕೆ ಒಡಿಶಾದ ಒಬ್ಬ ಬಡಿಗನ ಪ್ರಕರಣವು ಸಾಕ್ಷಿ. 1968ರ ಜುಲೈ 6ರಂದು ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸವನ್ನು ಮಾಡುತ್ತಿದ್ದ ಆತನು ಬಿದ್ದನು. ಎಡಗೈಯನ್ನು ಕತ್ತರಿಸಿ ತೆಗೆಯಬೇಕಾಯಿತು. ಒಂದು ಕೈಯಷ್ಟೇ ಹೋಗಿದೆ, ಇದು ಭಾಗಶಃ ಅಶಕ್ತತೆಯೆಂದು ಮಾಲಕನು ವಾದಿಸಿದನು. ಒಂದೇ ಕೈಯಿಂದ ಬಡಿಗತನವು ಸಾಗುವದೇ? ಸಾಗದು, ಆದುದರಿಂದ ಅವನ ಪಾಲಿಗೆ ಅಶಕ್ತತೆಯು ಸಂಪೂರ್ಣವೆಂಬ ಆಯುಕ್ತನ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು 1975ರ ಡಿಸೆಂಬರದಲ್ಲಿ ಎತ್ತಿಹಿಡಿಯಿತು. ಪರಿಹಾರವು ಸಲ್ಲತಕ್ಕದ್ದು ಅಪಘಾತವಾದ ದಿನದಿಂದ, ಆಜ್ಞೆಯಾದ ದಿನದಿಂದಲ್ಲ ಎಂದೂ ಅಲ್ಲಿಯೇ ಹೇಳಲಾಯಿತು. ಕೈಯನ್ನು ಕೈಯೆಂದು ನೋಡದೆ ಅದರ ಕಾಯಕದೊಡನೆ ಕೂಡಿಸಿ ನೋಡಿದ ಈ ದೃಷ್ಟಿಯು ನೇಕಾರನಿಗೂ ಕಮ್ಮಾರನಿಗೂ ಉಪಯೋಗಕ್ಕೆ ಬರತಕ್ಕದ್ದಾಗಿದೆ.

ಈಗ ಸ್ವಲ್ಪ ಕಹಿಯಾದ ಮಾತು. ಈ ಸಭೆಯಲ್ಲಿ ಊರ ಹಿರಿಯರೂ ಪಂಚರೂ ಬಹಳ ಮಂದಿ ಕುಳಿತಿರುವರು. ಹೆಣವು ಅಂಗಳದಲ್ಲಿರುವಾಗಲೇ ಹಿರಿಯರು ಕೂಡಿ, ಮಾಲಕನ ಕಡೆಯಿಂದ ಒಂದಿಷ್ಟು ಹಣವನ್ನು ಕೊಡಿಸಿ, ವಿಧವೆಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿ, 'ಜಗಳ ಹರಿಯಿತು' ಎಂದು ಏಳುವ ಪದ್ಧತಿಯು ಹಳ್ಳಿಗಳಲ್ಲಿ ಇನ್ನೂ ನಡೆದಿದೆ. ಅವರ ಮನಸ್ಸು ಒಳ್ಳೆಯದೇ. ಕೋರ್ಟಿನ ಮೆಟ್ಟಿಲು ಹತ್ತಿದವನು ಕೆಟ್ಟನೆಂಬ ಹಳೆಯ ಅನುಭವವೇ ಅದಕ್ಕೆ ಕಾರಣ. ಆದರೆ ಹನ್ನೆರಡು ಲಕ್ಷ ಸಲ್ಲತಕ್ಕ ಮನೆಗೆ ಐವತ್ತು ಸಾವಿರವನ್ನು ಕೊಡಿಸಿ ಏಳುವ ನ್ಯಾಯವು ಯಾರ ಜಗಳವನ್ನು ಹರಿಸಿತು? ಕಾಯಿದೆಯ ಕಣ್ಣಿಗೆ ಇಂಥ ಕಾಗದಕ್ಕೆ ಬೆಲೆಯಿಲ್ಲ. ಹಕ್ಕನ್ನು ಬಿಟ್ಟುಕೊಡುವ ಕರಾರು, ಮಾಲಕನ ಹೊಣೆಯನ್ನು ಕಡಿಮೆ ಮಾಡುವ ಮಟ್ಟಿಗೆ, ಶೂನ್ಯವೇ. ಮರಣದ ಪರಿಹಾರವನ್ನು ಮಾಲಕನು ಅಧಿಕಾರಿಯಲ್ಲಿಯೇ ಠೇವಣಿ ಇಡತಕ್ಕದ್ದು. ಹಳೆಯ ಕಾಯಿದೆಯಂತೆ ಮೂರು ತಿಂಗಳ ವೇತನದಷ್ಟು ಮುಂಗಡವನ್ನು ಬಿಟ್ಟರೆ, ಮನೆಯವರ ಕೈಗೆ ನೇರವಾಗಿ ಕೊಟ್ಟ ಹಣವು ಪರಿಹಾರವೆಂದು ಎಣಿಕೆಗೆ ಬರುತ್ತಿರಲಿಲ್ಲ. ಆದುದರಿಂದ ಮಾಲಕನಿಗೂ ಈ ಗುಪ್ತ ರಾಜಿಯಿಂದ ಲಾಭವಿಲ್ಲ. ಕೊಟ್ಟ ಹಣವೂ ಹೋಗಿ ಹೊಣೆಯೂ ಉಳಿಯುವದು. ಹಿರಿಯರು ರಾಜಿ ಮಾಡಿಸಲೇಬೇಕೆಂದಿದ್ದರೆ, ಆ ಕರಾರನ್ನು ಅಧಿಕಾರಿಯ ಮುಂದಿಟ್ಟು ನೋಂದಾಯಿಸಲಿ. ಮೊತ್ತವು ಅನ್ಯಾಯವಾಗಿ ಕಡಿಮೆಯೆಂದು ಕಂಡರೆ ಅವನು ನೋಂದಾಯಿಸಲು ಒಪ್ಪನು.

ಗಾಯವಾದ ದಿನವೇ ಮಾಡತಕ್ಕ ಕೆಲಸಗಳು ಸಣ್ಣವು, ಆದರೆ ಮುಂದೆ ಎಲ್ಲವೂ ಅವುಗಳ ಮೇಲೆಯೇ ನಿಲ್ಲುವದು. ದವಾಖಾನೆಯಲ್ಲಿ ಕೇಳಿದಾಗ 'ಮನೆಯಲ್ಲಿ ಜಾರಿ ಬಿದ್ದೆ' ಎಂದು ಮಾಲಕನ ಮುಲಾಜಿಗೆ ಹೇಳಿದರೆ ಆ ಒಂದು ಸಾಲು ಕೊನೆಯವರೆಗೆ ಬೆನ್ನು ಬಿಡದು. ಎಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಹೊತ್ತಿಗೆ ಎಂಬದನ್ನು ಇದ್ದಂತೆ ಬರೆಯಿಸಬೇಕು. ಮಾಲಕನಿಗೆ ಬರಹದಲ್ಲಿ ಸೂಚನೆ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಬೇಕು. ಹಾಜರಿಯ ಚೀಟಿ, ಕೂಲಿ ಜಮೆಯಾದ ಬ್ಯಾಂಕಿನ ಪುಸ್ತಕ, ಜೊತೆಗೆ ದುಡಿದ ಇಬ್ಬರ ಹೆಸರು, ಮದ್ದಿನ ಪಾವತಿಗಳು, ಇವು ಕಳೆಯಬಾರದು. 1923ರ ಕಾಯಿದೆಯು ಅರ್ಜಿಗೆ ಎರಡು ವರ್ಷಗಳ ಗಡುವನ್ನು ಇಟ್ಟಿತ್ತು. ಗಾಯ ಮಾಗುವತನಕ ಕಾಯೋಣವೆಂದು ಕುಳಿತು ಗಡುವನ್ನು ಮೀರಿದವರು ಕಡಿಮೆಯಲ್ಲ. ಕಾರಖಾನೆಯು ಕಾರ್ಮಿಕ ರಾಜ್ಯ ವಿಮೆಗೆ, ಎಂದರೆ ಈ.ಎಸ್.ಐ.ಗೆ ಒಳಪಟ್ಟು ನೌಕರನ ಹೆಸರು ಅಲ್ಲಿದ್ದರೆ, ದಾರಿಯು ಬೇರೆ. ಆಗ ಮಾಲಕನಿಗೆ ಬದಲು ಆ ನಿಗಮವೇ ಸಲ್ಲತಕ್ಕುದನ್ನು ಸಲ್ಲಿಸುವದು.

ಗೋವೆಗೂ ಪುಣೆಯ ಕಡೆಗೂ ಕಟ್ಟಡದ ಕೂಲಿಗೆ ಹೋದವರ ಮನೆಯವರು ಒಂದು ಸಂಗತಿಯನ್ನು ವಿಶೇಷವಾಗಿ ತಿಳಿದಿರಬೇಕು. ಅಪಘಾತವು ಪರರಾಜ್ಯದಲ್ಲಿ ಒದಗಿದ್ದರೂ, ಅರ್ಜಿದಾರರು ವಾಸವಾಗಿರುವ ಸೀಮೆಯ ಅಧಿಕಾರಿಯ ಮುಂದೆಯೇ ಅರ್ಜಿ ಹಾಕಬಹುದು. ರಾಮದುರ್ಗದ ಮುದುಕಿಯೊಬ್ಬಳು ಮಗನ ಪರಿಹಾರಕ್ಕಾಗಿ ಪರಭಾಷೆಯ ಕಚೇರಿಗಳನ್ನು ಅಲೆಯಬೇಕಾಗಿಲ್ಲ.

ವಕೀಲರ ಖರ್ಚಿಗೆ ಅಂಜಿ ಹಿಂಜರಿಯುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯುಂಟು. ಅದು 1995ರ ನವೆಂಬರ 9ರಿಂದ ಆಚರಣೆಯಲ್ಲಿದೆ. ಅದರ ಹನ್ನೆರಡನೆಯ ಕಲಮಿನಂತೆ ಕೈಗಾರಿಕೆಯ ಕಾರ್ಮಿಕರು, ಸ್ತ್ರೀಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡಗಳವರು ಆದಾಯದ ಪ್ರಶ್ನೆಯಿಲ್ಲದೆ ಉಚಿತ ಕಾನೂನು ನೆರವಿಗೆ ಪಾತ್ರರು. ಉಳಿದವರಿಗೆ ಆದಾಯದ ಮಿತಿಯಿದೆ. ಗಂಡನನ್ನು ಕಳೆದುಕೊಂಡವಳು ಸ್ತ್ರೀಯೆಂಬ ಒಂದೇ ಕಾರಣದಿಂದ, ಕೈಯನ್ನು ಕಳೆದುಕೊಂಡ ಗಿರಣಿಯವನು ಕಾರ್ಮಿಕನೆಂಬ ಒಂದೇ ಕಾರಣದಿಂದ ವಕೀಲನನ್ನು ಪುಕ್ಕಟೆ ಪಡೆಯಬಹುದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನ್ಯಾಯಾಲಯಗಳ ಆವರಣದಲ್ಲಿಯ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಬಿಳಿಯ ಹಾಳೆಯ ಮೇಲೆ ಅರ್ಜಿ ಬರೆದು ಕೊಟ್ಟರೆ ಸಾಕು. ಬರೆಯಲು ಬಾರದವರು ಬಾಯಿಂದ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುವರು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.