ಹಳೆಯ ಮನೆಗೆ ಹೊಸ ವೈರಿಂಗ್



ಫ್ರಿಜ್ಜಿನ ಬಾಗಿಲು ತೆಗೆಯುವ ಮುನ್ನ ಚಪ್ಪಲಿ ಮೆಟ್ಟಿಕೊಳ್ಳುವ ಮನೆಗಳನ್ನು ನೀವು ಕಂಡಿರಬಹುದು. ಬರಿಗಾಲಿನಲ್ಲಿ ಮುಟ್ಟಿದರೆ ಕೈಗೆ ಜುಮ್ ಎನ್ನುತ್ತದೆ. "ಅದು ಮೊದಲಿನಿಂದಲೂ ಹಾಗೇ, ಚಪ್ಪಲಿ ಹಾಕಿಕೊಂಡು ಮುಟ್ಟು" ಎಂದು ಹಿರಿಯರು ಹೇಳಿರುತ್ತಾರೆ. ಬಚ್ಚಲಿನ ಗೀಸರ್ ಹಾಕಿದೊಡನೆ ನಡುಮನೆಯ ದೀಪ ಮಂಕಾಗುತ್ತದೆ. ಮಿಕ್ಸಿ ತಿರುಗಿಸಿದರೆ ಸ್ವಿಚ್ ಬೋರ್ಡಿನೊಳಗೆ ಚಿಟಿಚಿಟಿ ಸದ್ದು ಕೇಳುತ್ತದೆ. ಮನೆಯವರು ಇವಕ್ಕೆಲ್ಲ ಒಗ್ಗಿಹೋಗಿರುತ್ತಾರೆ. ಆದರೆ ವಿದ್ಯುತ್ತು ಯಾರಿಗೂ ಒಗ್ಗುವುದಿಲ್ಲ. ಈ ಸೂಚನೆಗಳ ಅರ್ಥವೇನು, ಹಳೆಯ ಮನೆಯ ವೈರಿಂಗನ್ನು ಏಕೆ ಬದಲಿಸಬೇಕು, ಆ ಕೆಲಸಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ಇಂದು ನೋಡೋಣ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಸಣ್ಣ ಊರುಗಳ ಮನೆಗಳಿಗೆ ಬೆಳಕು ಬರಲು ಮತ್ತೆ ಹಲವು ದಶಕಗಳೇ ಹಿಡಿದವು. ಬಂದಾಗ ಅದು ಬಂದದ್ದು ದೀಪಕ್ಕಾಗಿ. ಮನೆಗೆ ಕರೆಂಟು ತೆಗೆದುಕೊಳ್ಳುವುದೆಂದರೆ ಐದಾರು ಬಲ್ಬು, ಅನುಕೂಲವಿದ್ದವರಿಗೆ ಒಂದೆರಡು ಫ್ಯಾನು, ಒಂದು ರೇಡಿಯೋ. ಅಂದಿನ ವೈರಿಂಗ್ ಅಷ್ಟಕ್ಕೆ ಮಾತ್ರ ಸಿದ್ಧವಾದದ್ದು.

ಅಂಥ ಮನೆಯ ಗೋಡೆಯನ್ನು ನೆನಪಿಗೆ ತಂದುಕೊಳ್ಳಿ. ಗೋಡೆಯುದ್ದಕ್ಕೂ ಮರದ ಪಟ್ಟಿ, ಅದರ ಮೇಲೆ ಕ್ಲಿಪ್ಪು ಹಾಕಿ ಕೂರಿಸಿದ ರಬ್ಬರ್ ಹೊದಿಕೆಯ ವೈರು, ಮರದ ಹಲಗೆಯ ಮೇಲೆ ಗುಂಡನೆಯ ಕರಿಯ ಸ್ವಿಚ್ಚು, ಮೀಟರಿನ ಪಕ್ಕದಲ್ಲಿ ಪಿಂಗಾಣಿಯ ಫ್ಯೂಸು. ಕೆಲಸ ಮಾಡಿದವರು ಕೈಚಳಕವುಳ್ಳವರೇ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿ, ಗಾಳಿ, ತೇವಗಳಿಗೆ ಸಿಕ್ಕಿ ಅದು ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಹಳೆಯ ವೈರನ್ನು ಬಗ್ಗಿಸಿದರೆ ಹೊದಿಕೆ ಪುಡಿಪುಡಿಯಾಗಿ ಉದುರುವುದುಂಟು. ಹೆಂಚಿನ ಮನೆಯ ಅಟ್ಟದಲ್ಲಾದರೆ ಇಲಿಯ ಹಲ್ಲೂ ಸೇರಿಕೊಳ್ಳುತ್ತದೆ. ಮುಂದಿನ ದಶಕಗಳಲ್ಲಿ ಕಟ್ಟಿದ ಕೆಲವು ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಇದೆ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜಾರುತ್ತದೆ, ಅದರ ಮೇಲ್ಮೈಯಲ್ಲಿ ವಿದ್ಯುತ್ತು ಹರಿಯಗೊಡದ ಆಕ್ಸೈಡಿನ ಪದರ ಕಟ್ಟುತ್ತದೆ. ಜೋಡಣೆ ಸಡಿಲವಾದ ಕಡೆ ಬಿಸಿ ಏರುತ್ತದೆ. ನೀವು ಕೇಳಿದ ಆ ಚಿಟಿಚಿಟಿ ಸದ್ದು ಅಂಥ ಸಡಿಲ ಜೋಡಣೆಯಿಂದ ಬರುವ ಕಿಡಿಯದು.

ಈಗ ನಿಮ್ಮ ಭೌತಶಾಸ್ತ್ರದ ಪುಸ್ತಕದಿಂದ ಒಂದು ಸಣ್ಣ ಲೆಕ್ಕ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಹಿಂದಿನ ಮನೆಯಲ್ಲಿ 40 ವ್ಯಾಟಿನ 6 ಬಲ್ಬು, 75 ವ್ಯಾಟಿನ 3 ಫ್ಯಾನು ಇದ್ದವೆನ್ನೋಣ. ಎಲ್ಲವೂ ಸೇರಿ 465 ವ್ಯಾಟು, ಅಂದರೆ ಸುಮಾರು 2 ಆಂಪಿಯರ್. ಇಂದು ಅದೇ ಮನೆಯಲ್ಲಿ ಬೆಳಗಿನ ಹೊತ್ತು 2000 ವ್ಯಾಟಿನ ಗೀಸರ್, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ, 750 ವ್ಯಾಟಿನ ಮಿಕ್ಸಿ ಒಟ್ಟಿಗೆ ಓಡುತ್ತವೆ. ಅವು ಮೂರೇ 3750 ವ್ಯಾಟು, ಅಂದರೆ ಸುಮಾರು 16 ಆಂಪಿಯರ್. ಮೀಟರಿನಿಂದ ಒಳಗೆ ಬರುವ ಮುಖ್ಯ ವೈರಿನಲ್ಲಿ ವಿದ್ಯುತ್ ಪ್ರವಾಹ 8 ಪಟ್ಟು ಹೆಚ್ಚಿತು. ವೈರಿನಲ್ಲಿ ಹುಟ್ಟುವ ಶಾಖವೂ 8 ಪಟ್ಟೇ ಹೆಚ್ಚುತ್ತದೆಯೆ? ಇಲ್ಲ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಜೂಲನ ನಿಯಮ ಹೇಳುತ್ತದೆ. 8ರ ವರ್ಗ 64. ಅದೇ ಹಳೆಯ ವೈರು ಈಗ 64 ಪಟ್ಟು ಶಾಖವನ್ನು ತಾಳಬೇಕು. ಬಿರುಕು ಬಿಟ್ಟ ರಬ್ಬರು, ಒಣಗಿದ ಮರದ ಪಟ್ಟಿ, ಅವುಗಳ ನಡುವೆ ಈ ಬಿಸಿ. ಬೆಂಕಿಗೆ ಬೇರೆ ಕಾರಣ ಬೇಕಿಲ್ಲ.

ಹೀಗಾಗಬಾರದೆಂದೇ ಫ್ಯೂಸ್ ಇರುವುದು. ಪ್ರವಾಹ ಮಿತಿ ಮೀರಿದರೆ ಫ್ಯೂಸಿನ ತೆಳ್ಳನೆಯ ತಂತಿ ಕರಗಿ ಮನೆಯನ್ನು ಉಳಿಸುತ್ತದೆ. ನಾವು ಮಾಡುವುದೇನು? ಪದೇ ಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತು, ಕೈಗೆ ಸಿಕ್ಕ ವೈರಿನಿಂದ ನಾಲ್ಕು ಎಳೆ ತಾಮ್ರ ಕಿತ್ತು ಹೊಸೆದು ಕಟ್ಟುತ್ತೇವೆ. ಆಮೇಲೆ ಫ್ಯೂಸ್ ಹೋಗುವುದೇ ಇಲ್ಲ. ಮೊದಲು ಹೋಗುವುದು ಗೋಡೆಯೊಳಗಿನ ವೈರು. ಇಂದು ಫ್ಯೂಸಿನ ಜಾಗದಲ್ಲಿ ಎಂಸಿಬಿ ಬಂದಿದೆ. ಪ್ರವಾಹ ಮಿತಿ ಮೀರಿದರೆ ಅದು ತಾನೇ ಕೆಳಕ್ಕೆ ಬೀಳುತ್ತದೆ. ಆದರೆ ಇಲ್ಲಿಯೂ ಅದೇ ತಪ್ಪಿಗೆ ಅವಕಾಶವುಂಟು. 6 ಆಂಪಿಯರಿನ ಎಂಸಿಬಿ ಮತ್ತೆ ಮತ್ತೆ ಬೀಳುತ್ತದೆಂದು, ವೈರನ್ನು ಬದಲಿಸದೆ 16 ಆಂಪಿಯರಿನದನ್ನು ಹಾಕುವವರಿದ್ದಾರೆ. ಎಂಸಿಬಿ ಇರುವುದು ವೈರಿನ ರಕ್ಷಣೆಗೆ. ಆದ್ದರಿಂದ ವೈರಿನ ದಪ್ಪವನ್ನು ನೋಡಿಯೇ ಅದನ್ನು ಆರಿಸಬೇಕು.

ಇನ್ನು ಅತ್ಯಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಹೇಗೆಂದು ನೋಡಿ. ನೆನೆದ ಮೈಯ ವಿದ್ಯುತ್ ತಡೆ ಸುಮಾರು 1000 ಓಮ್ ಎಂದು ಇಟ್ಟುಕೊಳ್ಳೋಣ. 230 ವೋಲ್ಟು ತಗುಲಿದರೆ ಮೈಯ ಮೂಲಕ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಹೃದಯದ ಲಯ ಕೆಡಿಸಿ ಪ್ರಾಣ ತೆಗೆಯಲು ಅಷ್ಟು ಧಾರಾಳವಾಗಿ ಸಾಕು. 16 ಆಂಪಿಯರಿಗೆ ಕಾದು ಕುಳಿತ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಮನುಷ್ಯನನ್ನು ಕಾಯುವುದು ಎರಡು. ಒಂದು ಅರ್ಥಿಂಗ್, ಇನ್ನೊಂದು ಆರ್‌ಸಿಸಿಬಿ. ಗೀಸರಿನ ಒಳಗಿನ ಫೇಸ್ ವೈರು ಅದರ ಲೋಹದ ಮೈಗೆ ತಗುಲಿತೆನ್ನಿ. ಆ ಮೈಯನ್ನು ನೆಲಕ್ಕೆ ಸೇರಿಸುವ ಗಟ್ಟಿಯಾದ ಅರ್ಥ್ ವೈರು ಇದ್ದರೆ ವಿದ್ಯುತ್ತು ಅತ್ತ ಹರಿದುಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಹಳೆಯ ಮನೆಗಳಲ್ಲಿ ಎರಡು ಪಿನ್ನಿನ ಪ್ಲಗ್ಗುಗಳೇ ಹೆಚ್ಚು. ಅವಕ್ಕೆ ಅರ್ಥ್ ಇಲ್ಲವೇ ಇಲ್ಲ. ಕೆಲವು ಮನೆಗಳಲ್ಲಿ ಅರ್ಥ್ ವೈರನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಅಂದು ಅದು ನಡೆಯಿತು. ಮುಂದೆ ಕಬ್ಬಿಣದ ಪೈಪು ತೆಗೆದು ಪಿವಿಸಿ ಪೈಪು ಹಾಕಿದರು. ನೀರು ಚೆನ್ನಾಗಿ ಬಂತು, ಅರ್ಥ್ ಮಾಯವಾಯಿತು. ಪೈಪು ಬದಲಿಸಿದವರಿಗೆ ಅದು ತಿಳಿಯದು, ಮನೆಯವರಿಗೂ ತಿಳಿಯದು. ಫ್ರಿಜ್ಜು ಜುಮ್ ಎನ್ನುವ ಮನೆಯಲ್ಲಿ ಹೆಚ್ಚಾಗಿ ಅರ್ಥಿನದೇ ಕೊರತೆ.

ಆರ್‌ಸಿಸಿಬಿಯ ಕೆಲಸ ಸರಳವಾದದ್ದು. ಫೇಸಿನಲ್ಲಿ ಹೋದಷ್ಟು ವಿದ್ಯುತ್ತು ನ್ಯೂಟ್ರಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಮನೆಗಳಿಗೆ ಬಳಸುವುದು 30 ಮಿಲಿ ಆಂಪಿಯರಿನದು. ಅಷ್ಟು ವಿದ್ಯುತ್ತು ಬೇರೆ ದಾರಿ ಹಿಡಿದರೆ, ಅದು ಯಾರದೋ ಮೈಯ ಮೂಲಕವೇ ಆಗಿರಲಿ, ಕ್ಷಣಾರ್ಧದಲ್ಲಿ ಕಡಿದುಬಿಡುತ್ತದೆ. ಅದರ ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದಾಗ ಅದು ಬೀಳಬೇಕು. ಒಂದು ಎಚ್ಚರಿಕೆ: ಹಳೆಯ ವೈರಿಂಗಿಗೆ ಹೊಸ ಆರ್‌ಸಿಸಿಬಿ ಹಾಕಿದರೆ ಅದು ಪದೇ ಪದೇ ಬೀಳಬಹುದು. "ಇದರದು ಬರೀ ಕಿರಿಕಿರಿ" ಎಂದು ಅದನ್ನು ತೆಗೆಸಿಬಿಡುವವರಿದ್ದಾರೆ. ಅದು ಬೀಳುತ್ತಿರುವುದು ಎಲ್ಲೋ ವಿದ್ಯುತ್ತು ಸೋರುತ್ತಿರುವುದರಿಂದ ಅಥವಾ ನ್ಯೂಟ್ರಲ್‌ಗಳು ಒಂದಕ್ಕೊಂದು ಬೆರೆತಿರುವುದರಿಂದ. ತಪ್ಪನ್ನು ಹುಡುಕಬೇಕೇ ಹೊರತು ತಪ್ಪು ತೋರಿಸಿದವನನ್ನು ಹೊರಹಾಕಬಾರದು.

ಇಷ್ಟು ತಿಳಿಯಿತಲ್ಲ, ಸ್ಕ್ರೂಡ್ರೈವರ್ ಹಿಡಿದು ನಾವೇ ಮಾಡೋಣವೆಂದು ಹೊರಡಬೇಡಿ. ಮನೆಯ ವೈರಿಂಗ್ ಕೆಲಸಕ್ಕೆ ಕಾನೂನೇ ಅರ್ಹತೆಯನ್ನು ಗೊತ್ತುಮಾಡಿದೆ. ಕರ್ನಾಟಕದಲ್ಲಿ ವಿದ್ಯುತ್ ಗುತ್ತಿಗೆದಾರರಿಗೆ ಲೈಸೆನ್ಸು, ಮೇಲ್ವಿಚಾರಕರಿಗೂ ವೈರ್‌ಮನ್‌ಗಳಿಗೂ ಪರ್ಮಿಟ್ಟು ನೀಡುವ ಏರ್ಪಾಡಿದೆ; ವಿದ್ಯುತ್ ಪರಿವೀಕ್ಷಣಾಲಯ ಇದಕ್ಕೆ ಸಂಬಂಧಿಸಿದ ಇಲಾಖೆ. ಹಲವರು ಬೀದಿಯ ಕಂಬ ಹತ್ತುವ ಲೈನ್‌ಮನ್‌ನನ್ನೇ ಮನೆಯೊಳಗಿನ ಕೆಲಸಕ್ಕೂ ಕರೆಯುತ್ತಾರೆ. ಕಂಬದಿಂದ ಮೀಟರಿನವರೆಗೆ ವಿದ್ಯುತ್ ಕಂಪನಿಯ ಹೊಣೆ. ಮೀಟರಿನಿಂದ ಒಳಗಿನದು ಮನೆಯವರ ಹೊಣೆ. ಆ ಹೊಣೆಯನ್ನು ಅರ್ಹರ ಕೈಗೆ ಒಪ್ಪಿಸಬೇಕು.

ನಿಮ್ಮ ಊರಿನಲ್ಲೇ ಇರುವ ಎಲೆಕ್ಟ್ರಿಷಿಯನ್ ಒಳ್ಳೆಯ ಆಯ್ಕೆ. ನಾಳೆ ತೊಂದರೆಯಾದರೆ ಕರೆದಾಗ ಬರುತ್ತಾರೆ. ಊರಿನ ಹಳೆಯ ಮನೆಗಳ ರೀತಿ ಅವರಿಗೆ ಗೊತ್ತು. ಅವರೊಡನೆ ಗೌರವದಿಂದಲೇ ಕೆಲವು ಪ್ರಶ್ನೆ ಕೇಳಿ. ಪರ್ಮಿಟ್ಟು ಇದೆಯೆ, ಯಾವ ಗುತ್ತಿಗೆದಾರರ ಲೈಸೆನ್ಸಿನಡಿ ಕೆಲಸ ಮಾಡುತ್ತೀರಿ, ಇಂಥ ಕೆಲಸ ಮಾಡಿದ ಒಂದೆರಡು ಮನೆಗಳನ್ನು ನೋಡಬಹುದೆ? ನಿಜವಾಗಿ ಕೆಲಸ ಬಲ್ಲವರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಮನೆಯನ್ನೆಲ್ಲ ಸುತ್ತಿ ನೋಡದೆ, ಬಾಗಿಲಲ್ಲೇ ನಿಂತು ಇಷ್ಟಾಗುತ್ತದೆ ಎಂದು ಹೇಳುವವರ ಬಗ್ಗೆ ಎಚ್ಚರವಿರಲಿ. ನಮ್ಮಲ್ಲಿ ಕೂಲಿಯನ್ನು ಸಾಮಾನ್ಯವಾಗಿ ಪಾಯಿಂಟಿನ ಲೆಕ್ಕದಲ್ಲಿ ಹೇಳುತ್ತಾರೆ. ಪಾಯಿಂಟೆಂದರೆ ಏನೇನು ಸೇರಿತು, ಸಾಮಾನು ಯಾರು ತರಬೇಕು, ಒಡೆದ ಗೋಡೆಗೆ ಗಾರೆ ಯಾರು ಹಾಕಿಸಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಜಗಳಗಳು ಹುಟ್ಟುವುದು ಇಲ್ಲಿಯೇ.

ಸಾಮಾನಿನ ವಿಷಯದಲ್ಲಿ ಐಎಸ್‌ಐ ಗುರುತು ನೋಡಿ. ಹಳಬರು ವೈರನ್ನು 3/20, 7/20 ಎಂದು ಕರೆಯುತ್ತಿದ್ದರು. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಎಳೆಯ ಗೇಜು. ಈಗ ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ದೀಪ, ಫ್ಯಾನುಗಳಿಗೆ 1.5, ಪವರ್ ಪ್ಲಗ್ಗುಗಳಿಗೆ 2.5, ಗೀಸರ್, ಏಸಿಗಳಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಎಂಬುದು ವಾಡಿಕೆ. ಗೀಸರಿಗೆ ಬೋರ್ಡಿನಿಂದಲೇ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ ಇರಲಿ. ಅರ್ಥಿಗೆ ಹಸಿರು, ನ್ಯೂಟ್ರಲಿಗೆ ಕಪ್ಪು ಎಂಬ ಬಣ್ಣದ ಶಿಸ್ತು ತಪ್ಪಬಾರದು. ಸ್ವಿಚ್ಚು ಫೇಸ್ ವೈರಿನಲ್ಲೇ ಇರಬೇಕು. ಹಳೆಯ ಮನೆಗಳಲ್ಲಿ ನ್ಯೂಟ್ರಲಿಗೂ ಒಂದು ಫ್ಯೂಸ್ ಇರುವುದುಂಟು, ಅದನ್ನು ತೆಗೆಸಲೇಬೇಕು. ಅದು ಸುಟ್ಟರೆ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ವಿದ್ಯುತ್ತು ಹಾಗೇ ಇರುತ್ತದೆ. ಕರೆಂಟಿಲ್ಲವೆಂದು ನಂಬಿ ಕೈಯಿಟ್ಟವರಿಗೆ ಅಪಾಯ.

ಮಣ್ಣಿನ ಗೋಡೆಯ ಮನೆಯಾದರೆ ವೈರಿಗಾಗಿ ಗೋಡೆ ಕೊರೆಸಬೇಡಿ. ಗೋಡೆಯ ಮೇಲೆಯೇ ಪಿವಿಸಿ ಪೈಪಿನಲ್ಲೋ ಪಟ್ಟಿಯಲ್ಲೋ ವೈರು ಸಾಗಿಸಬಹುದು. ಒಟ್ಟಿಗೆ ಹಣ ಹೊಂದಿಸಲಾಗದ ಮನೆಗಳೇ ಹೆಚ್ಚು. ಅಂಥಲ್ಲಿ ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಮುಖ್ಯ ವೈರು ಮತ್ತು ಬೋರ್ಡು, ಅನಂತರ ಬಚ್ಚಲು ಮತ್ತು ಅಡುಗೆಮನೆ, ಕೊನೆಗೆ ಉಳಿದ ಕೋಣೆಗಳು ಎಂದು ಹಂತ ಹಂತವಾಗಿ ಮಾಡಿಸಬಹುದು. ಪ್ರಾಣಕ್ಕೆ ಸಂಬಂಧಿಸಿದ್ದು ಮುಂದೆ, ಅಂದಕ್ಕೆ ಸಂಬಂಧಿಸಿದ್ದು ಹಿಂದೆ.

ಕೆಲಸ ಮುಗಿದ ಮೇಲೆ ಕೂಲಿ ಪೂರ್ತಿ ಕೊಡುವ ಮುನ್ನ ಮೆಗ್ಗರ್ ಹಾಕಿ ಪರೀಕ್ಷಿಸಲು ಕೇಳಿ. ಅದು 500 ವೋಲ್ಟು ಒತ್ತಿ ವೈರಿನ ಹೊದಿಕೆಯ ತಡೆಯನ್ನು ಅಳೆಯುವ ಸಾಧನ. ಅಳತೆ ಒಂದು ಮೆಗಾ ಓಮಿಗಿಂತ ಕಡಿಮೆ ಬರಬಾರದು. ಅರ್ಥಿನ ತಡೆಯನ್ನೂ ಅಳೆಸಿ. ಮನೆಯ ಲೋಡು ಮಂಜೂರಾದುದಕ್ಕಿಂತ ಹೆಚ್ಚಿದ್ದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಯಾವ ವೈರು ಯಾವ ಗೋಡೆಯಲ್ಲಿ ಹೋಗಿದೆ ಎಂಬ ಒಂದು ನಕ್ಷೆ ಬರೆಸಿ ಮೀಟರ್ ಪೆಟ್ಟಿಗೆಯ ಬಳಿ ಇಡಿ. ಮುಂದೆ ಮೊಳೆ ಹೊಡೆಯುವವರಿಗೆ ಅದು ನೆರವಾಗುತ್ತದೆ.

ಹಾಗಾದರೆ ನಿಮ್ಮ ಪಾಲಿನ ಕೆಲಸವೇನು? ಇಂದು ಸಂಜೆ ಒಂದು ಹಾಳೆ ತೆಗೆದುಕೊಂಡು ಮನೆಯ ಪ್ರತಿ ಉಪಕರಣದ ವ್ಯಾಟನ್ನು ಬರೆಯಿರಿ. ಕೂಡಿಸಿ, 230ರಿಂದ ಭಾಗಿಸಿ. ಯಾವ ಪ್ಲಗ್ಗು ಬಿಸಿಯಾಗಿ ಬಣ್ಣಗೆಟ್ಟಿದೆ, ಎಲ್ಲಿ ಎರಡೇ ಪಿನ್ನು ಇದೆ, ಎಲ್ಲಿ ಜುಮ್ ಎನ್ನುವ ದೂರಿದೆ ಎಂದು ಗುರುತಿಸಿ. ಯಾವುದನ್ನೂ ಬಿಚ್ಚಬೇಡಿ, ಕಣ್ಣಿನಿಂದ ನೋಡಿದರೆ ಸಾಕು. ಆ ಹಾಳೆಯನ್ನು ತಂದೆತಾಯಿಯ ಮುಂದೆ ಇಡಿ. "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎಂದು ಅವರು ಅನ್ನಬಹುದು. ಆಗ ಆ 64 ಪಟ್ಟಿನ ಲೆಕ್ಕವನ್ನು ಬಿಡಿಸಿ ತೋರಿಸಿ. ಚಪ್ಪಲಿ ಮೆಟ್ಟದೆ ಫ್ರಿಜ್ಜಿನ ಬಾಗಿಲು ತೆಗೆಯುವ ದಿನ ನಿಮ್ಮ ಅಜ್ಜಿಗೆ ಬಂದರೆ, ನೀವು ಕಲಿತ ಭೌತಶಾಸ್ತ್ರ ಮನೆಗೆ ಬಂದಂತೆಯೇ ಸರಿ.