ಬಗನಿಯ ಗಡಿಗೆ, ಮಾರ್ಟಿನಿಯ ಗಾಜು

(ಸಾಗರದ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಪಾನೀಯಗಳ ಚರಿತ್ರೆ ಹೇಳೆಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಕುಡಿಯಿರಿ ಎನ್ನಲು ಬಂದವನಲ್ಲ ನಾನು.

ಇಂಗ್ಲಿಷ್ ಸಿನಿಮಾಗಳಲ್ಲಿ ಮಾರ್ಟಿನಿ ಎಂಬ ಹೆಸರನ್ನು ಕೇಳಿರುತ್ತೀರಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದ ಮಿಶ್ರಪಾನೀಯ ಅದು. ಅದರ ಹಳೆಯ ರೂಪ ಸಿಹಿಯದು. ಎರಡು ಪಾಲು ಜಿನ್, ಒಂದು ಪಾಲು ಕೆಂಪು ಸಿಹಿ ವರ್ಮತ್, ಕಹಿರಸದ ಒಂದೆರಡು ತೊಟ್ಟು. ಮಂಜುಗಡ್ಡೆಯೊಡನೆ ಕಲಕಿ ಸೋಸಿದರೆ ಮುಗಿಯಿತು. ಜಿನ್‌ಗೆ ಪರಿಮಳ ಕೊಡುವುದು ಜೂನಿಪರ್ ಕಾಯಿ. ವರ್ಮತ್ ಎಂದರೆ ಗಿಡಮೂಲಿಕೆ ಬೆರೆಸಿದ ದ್ರಾಕ್ಷಿಮದ್ಯ. 1786ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಕಾರ್ಪಾನೊ ಎಂಬಾತ ಅದನ್ನು ಮಾರಾಟಕ್ಕಿಟ್ಟ. ಆ ಹೆಸರು ಬಂದದ್ದು ನಮ್ಮ ಮಾಚಿಪತ್ರೆಯ ಬಳಗದ ಒಂದು ಕಹಿಗಿಡದಿಂದ. ಅಂದರೆ ಅದೂ ಒಂದು ಸೀಮೆಯ ಗಿಡಮರಗಳ ತಿಳಿವಳಿಕೆಯೇ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಿಗೂ ಅಂಥ ತಿಳಿವಳಿಕೆಯೊಂದು ಉಂಟು. ಅದು ಬಗನಿ ಮರದ್ದು. ಬೈನೆ ಎಂದೂ ಕರೆಯುತ್ತಾರೆ. ಈ ಮರ ಬಲಿತ ಮೇಲೆ ತುದಿಯಿಂದ ಕೆಳಕ್ಕೆ ಒಂದೊಂದಾಗಿ ಹೂಗೊನೆ ಬಿಡುತ್ತ ಬಂದು, ಕೊನೆಯ ಗೊನೆ ಮುಗಿದಾಗ ಸಾಯುತ್ತದೆ. ಎಳೆಯ ಗೊನೆಯನ್ನು ಹದವರಿತು ಬಡಿದು, ತುದಿ ಕೊಯ್ದು, ಗಡಿಗೆ ಕಟ್ಟಬೇಕು. ದಿನಕ್ಕೆರಡು ಬಾರಿ ಮರ ಹತ್ತಬೇಕು. ಆಗತಾನೆ ಇಳಿದ ರಸ ಸಿಹಿ. ಗಡಿಗೆಯೊಳಗೆ ಸುಣ್ಣ ಬಳಿದರೆ ಬೇಗ ಹುಳಿಯದು, ಕಾಯಿಸಿದರೆ ಬೆಲ್ಲ. ಹಾಗೆಯೇ ಬಿಟ್ಟರೆ ಯೀಸ್ಟ್ ಸಕ್ಕರೆಯನ್ನು ಮದ್ಯವಾಗಿಸುತ್ತದೆ, ರಸ ಕಳ್ಳಾಗುತ್ತದೆ.

ಈ ಕಸುಬಿನ ಹೆಸರು ಅಂಟಿಕೊಂಡದ್ದು ದೀವರಿಗೆ, ಅಂದರೆ ಹಳೆಪೈಕರಿಗೆ. ಗದ್ದೆ ಗೇಯುವ ಗೇಣಿದಾರರೂ ಆಗಿದ್ದ ಇವರನ್ನು ಬ್ರಿಟಿಷರ ಕಾಲದ ಗ್ರಂಥಗಳು ಕಳ್ಳು ಇಳಿಸುವವರೆಂದೇ ಗುರುತಿಸಿದವು. ಮಾರ್ಟಿನಿ ಕಲಕಿದವನಿಗೆ ಮರ್ಯಾದೆ, ಬಗನಿ ಹತ್ತಿದವನಿಗೆ ಕೀಳುಮಾತು!

1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹುಟ್ಟಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ.

ಕುಡಿತದಿಂದ ಹಾಳಾದ ಮನೆಗಳು ನಮ್ಮ ಸುತ್ತಲೇ ಇವೆ, ಅದನ್ನು ಮರೆಯುವಂತಿಲ್ಲ. ಆದರೆ ಬೈಯುವುದಾದರೆ ಗಾಜನ್ನೂ ಗಡಿಗೆಯನ್ನೂ ಒಟ್ಟಿಗೆ ಬೈಯೋಣ. ಕುಶಲತೆಯನ್ನು ಮೆಚ್ಚುವುದಾದರೆ ಎರಡರದ್ದನ್ನೂ ಮೆಚ್ಚೋಣ. ಅಳೆಯುವ ಕೊಳಗ ಒಂದೇ ಇರಲಿ.