ಮಕ್ಕಳ ಕೈಯಲ್ಲೇ ಪುಸ್ತಕ ಹುಟ್ಟಲಿ

(ಗೊರೇಬಾಳದಲ್ಲಿ ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಸಂದರ್ಭದಲ್ಲಿ ಹಿಂದಿನವರ ದುಡಿಮೆಯನ್ನು ನೆನೆಯುವುದು ಎಷ್ಟು ಉಚಿತವೋ, ಮುಂದಿನವರನ್ನು ಕುರಿತು ಯೋಚಿಸುವುದೂ ಅಷ್ಟೇ ಉಚಿತ. ಆದುದರಿಂದ ಪ್ರಾಥಮಿಕ ಶಾಲೆಯ ಮಕ್ಕಳ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ. ನಮ್ಮ ಮಕ್ಕಳು ಪುಸ್ತಕ ಓದಬೇಕೆಂದು ನಾವೆಲ್ಲರೂ ಹೇಳುತ್ತೇವೆ. ಅವರು ಪುಸ್ತಕ ಬರೆಯಲೂ ಬೇಕು, ಬರೆದುದನ್ನು ಪ್ರಕಟಿಸಲೂ ಬೇಕು ಎಂಬುದು ನನ್ನ ವಿನಂತಿ.

ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರು ಮೊದಲು ದಾಖಲಾಗುವುದು ಜ್ಞಾನಸ್ನಾನದ ದಫ್ತರದಲ್ಲಿ. ಬಳಿಕ ಶಾಲೆಯ ಹಾಜರಿ ಪುಸ್ತಕದಲ್ಲಿ. ಈ ಎರಡರಲ್ಲಿಯೂ ಹೆಸರನ್ನು ಬರೆಯುವವರು ಬೇರೆಯವರು. ಮಗು ತನ್ನ ಹೆಸರನ್ನು ತಾನೇ ಬರೆದು, ತನ್ನ ಮಾತನ್ನು ತಾನೇ ಹೇಳುವ ಮೂರನೆಯ ಪುಸ್ತಕವೊಂದು ಬೇಕು.

ಹೆಸರು ಬರೆಯುವುದರ ಮಹತ್ವವನ್ನು ನಮ್ಮ ನೆಲವೇ ಸಾರುತ್ತದೆ. ಸಮೀಪದ ಮಸ್ಕಿಯಲ್ಲಿ 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಒಂದು ಬಂಡೆಯ ಬರಹ ಕಂಡಿತು. ಅಲ್ಲಿಯವರೆಗೆ ದೊರೆತಿದ್ದ ಅಂಥ ಶಾಸನಗಳಲ್ಲಿ ರಾಜನ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಆ ಒಂದು ಹೆಸರಿನಿಂದ ಸ್ಥಿರಪಟ್ಟಿತು. ಬರೆದ ಹೆಸರು ಎರಡು ಸಾವಿರ ವರ್ಷಗಳ ಮರೆವನ್ನೂ ದಾಟಬಲ್ಲುದು.

ಅರಸರಷ್ಟೇ ಬರೆದರೆಂದು ತಿಳಿಯಬೇಡಿ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಹನ್ನೆರಡನೆಯ ಶತಮಾನದವರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ಬದುಕುವುದು ಅವರ ಕಾಯಕ. ಆ ಲಕ್ಕಮ್ಮನ ವಚನಗಳನ್ನು ಕನ್ನಡಿಗರು ಇಂದಿಗೂ ಓದುತ್ತಾರೆ. ಆಕೆಯ ಅಂಕಿತದಲ್ಲಿ ಗಂಡನ ಹೆಸರೂ ಇದೆ, ತನ್ನೂರಿನ ದೈವದ ಹೆಸರೂ ಇದೆ. ಅಕ್ಕಿ ಆಯ್ದವಳಿಗೆ ಹೇಳಲು ಮಾತಿತ್ತು. ಇಂದು ಭತ್ತ ಬೆಳೆಯುವ ನಮ್ಮ ಊರುಗಳಲ್ಲಿ ನಾಟಿ ಹಚ್ಚುವ ತಾಯಿಯ ಮಗುವಿಗೂ ಮಾತಿದೆ. ಅದನ್ನು ಬರೆದಿಡುವ ಹಾಳೆಯನ್ನು ನಾವು ಕೊಟ್ಟಿಲ್ಲ, ಅಷ್ಟೆ.

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ಬಡತನವಿಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರು, 1936ರಲ್ಲಿ 'ಬಾಲಪ್ರಪಂಚ'ವನ್ನು ಕೊಟ್ಟ ಶಿವರಾಮ ಕಾರಂತರು ಮೊದಲಾದ ಹಿರಿಯರು ಮಕ್ಕಳಿಗಾಗಿ ಮನಸ್ಸಿಟ್ಟು ಬರೆದರು. ಆದರೆ ಇದೆಲ್ಲವೂ ದೊಡ್ಡವರು ಮಕ್ಕಳಿಗೆ ಕೊಟ್ಟದ್ದು. ಮಕ್ಕಳು ತಾವಾಗಿಯೇ ಬರೆದದ್ದಕ್ಕೆ ನಮ್ಮ ಶಾಲೆಗಳಲ್ಲಿ ಆಶ್ರಯ ನೀಡಿದ್ದು ಕೈಬರಹದ ಪತ್ರಿಕೆ ಹಾಗೂ ಗೋಡೆ ಪತ್ರಿಕೆ. ಆ ಒಳ್ಳೆಯ ಪದ್ಧತಿಯನ್ನು ಇನ್ನೊಂದು ಹೆಜ್ಜೆ ಮುಂದೊಯ್ದರೆ ಪುಸ್ತಕವಾಗುತ್ತದೆ.

ಹೊರನಾಡುಗಳಲ್ಲಿ ಇದು ನಡೆದಿದೆ. ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ ಎಂಬ ಹಳ್ಳಿಯ ಉಪಾಧ್ಯಾಯರು 1920ರ ದಶಕದಲ್ಲಿ ತರಗತಿಯೊಳಗೇ ಚಿಕ್ಕ ಮುದ್ರಣಯಂತ್ರವನ್ನು ತಂದಿಟ್ಟರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿದ್ದ ಅವರಿಗೆ ಬಹಳ ಹೊತ್ತು ಮಾತನಾಡಿ ಪಾಠ ಹೇಳುವುದು ಕಷ್ಟವಾಗಿದ್ದಿತು. ಮಕ್ಕಳೇ ಬರೆದರು, ಮಕ್ಕಳೇ ಅಚ್ಚುಮೊಳೆ ಜೋಡಿಸಿದರು, ಅಚ್ಚಾದುದನ್ನು ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳುಹಿಸಿದರು.

ನಮ್ಮ ಧರ್ಮಸಭೆಯ ಉದಾಹರಣೆಯೂ ಉಂಟು. ಇಟಲಿಯ ಫ್ಲಾರೆನ್ಸ್ ನಗರದ ಉತ್ತರಕ್ಕೆ, ಬೆಟ್ಟದ ಮೇಲಿರುವ ಬಾರ್ಬಿಯಾನ ಎಂಬ ಬಡ ಧರ್ಮಕೇಂದ್ರಕ್ಕೆ 1954ರಲ್ಲಿ ಬಂದ ಗುರು ಲೊರೆಂಜೊ ಮಿಲಾನಿಯವರು ರೈತರ ಮಕ್ಕಳಿಗೆ ಶಾಲೆ ತೆರೆದರು. ಬೇರೆಡೆ ನಪಾಸಾಗಿ ಹೊರಬಿದ್ದ ಹುಡುಗರೂ ಅಲ್ಲಿ ಕಲಿತರು. ಅವರಲ್ಲಿ ಎಂಟು ಮಂದಿ ಒಟ್ಟಾಗಿ 'ಉಪಾಧ್ಯಾಯಿನಿಗೊಂದು ಪತ್ರ' ಎಂಬ ಪುಸ್ತಕ ಬರೆದರು. ಅವರು ಪ್ರಾಥಮಿಕ ಶಾಲೆಗಿಂತ ದೊಡ್ಡ ವಯಸ್ಸಿನವರು ನಿಜ; ಆದರೆ ಅವರ ಕ್ರಮ ನಮಗೂ ಪಾಠ. ಒಂದೊಂದು ವಿಚಾರವನ್ನು ಒಂದೊಂದು ಚೀಟಿಯಲ್ಲಿ ಬರೆಯುವುದು, ಚೀಟಿಗಳನ್ನು ಮೇಜಿನ ಮೇಲೆ ಹರಡಿ ಗುಂಪು ಮಾಡುವುದು, ಎಲ್ಲರೂ ಕೂಡಿ ತಿದ್ದುವುದು, ಬೇಡದ ಪದಗಳನ್ನು ತೆಗೆಯುವುದು. 1967ರ ಮೇ ತಿಂಗಳಲ್ಲಿ ಪುಸ್ತಕ ಪ್ರಕಟವಾಯಿತು. ಜೂನ್ 26ರಂದು ಗುರುಗಳು ದೈವಾಧೀನರಾದರು. ಬಡವರ ಮಕ್ಕಳನ್ನು ಶಾಲೆ ಹೇಗೆ ಹೊರದೂಡುತ್ತದೆಂಬುದನ್ನು ಆ ಮಕ್ಕಳೇ ಹೇಳಿದಾಗ ಜಗತ್ತು ಕೇಳಿತು. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. 2017ರಲ್ಲಿ ಫ್ರಾನ್ಸಿಸ್ ಪೋಪರು ಆ ಬೆಟ್ಟಕ್ಕೆ ಹೋಗಿ ಮಿಲಾನಿಯವರ ಸಮಾಧಿಯ ಮುಂದೆ ಪ್ರಾರ್ಥಿಸಿದರು.

ಇನ್ನು ನಮ್ಮ ಮಕ್ಕಳ ಕಡೆಗೆ ನೋಡೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನೊಂದಿಗೆ ಸಿಂಧನೂರು ಸೀಮೆಗೆ ಹಲವು ಭಾಷೆಗಳೂ ಬಂದವು. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ, ಬಂಗಾಳಿ ನುಡಿಯುವ ಮಕ್ಕಳು ಕನ್ನಡ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅನೇಕರ ಮನೆಯಲ್ಲಿ ಅಕ್ಷರ ಕಲಿತವರಲ್ಲಿ ಇವರೇ ಮೊದಲಿಗರು. ಮಳೆಯನ್ನೇ ನಂಬಿದ ಹಳ್ಳಿಗಳ ಕೆಲವು ಮಕ್ಕಳು ತಾಯ್ತಂದೆಯರ ಜೊತೆಗೆ ಗುಳೆ ಹೋಗಿ, ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು ಮರಳುತ್ತಾರೆ. ಮರಳಿ ಬಂದ ಮಗು ಪಾಠದಲ್ಲಿ ಹಿಂದೆ ಬಿದ್ದಿರುತ್ತದೆ. ನಾಚಿ ಹಿಂದಿನ ಸಾಲಿಗೆ ಸರಿಯುತ್ತದೆ. ಒಂದು ದಿನ ಬರುವುದನ್ನೇ ಬಿಡುತ್ತದೆ. ಅದೇ ಮಗುವಿಗೆ, "ಪಟ್ಟಣದಲ್ಲಿ ಕಂಡದ್ದನ್ನು ಬರಿ, ನಮಗೆ ಯಾರಿಗೂ ಅದು ಗೊತ್ತಿಲ್ಲ" ಎಂದು ಹೇಳಿ ನೋಡಿ. ಹಿಂದೆ ಬಿದ್ದವನು ಆ ಹೊತ್ತಿಗೆ ತರಗತಿಗೇ ತಿಳಿಸಿಕೊಡುವವನಾಗುತ್ತಾನೆ. ಕಪಾಟಿನಲ್ಲಿ ತನ್ನ ಹೆಸರಿನ ಪುಸ್ತಕವಿರುವ ಶಾಲೆಯನ್ನು ಮಗು ಸುಲಭವಾಗಿ ಬಿಟ್ಟುಹೋಗದು.

ಮಾಡುವ ವಿಧಾನ ಸುಲಭ. ದೊಡ್ಡ ಹಾಳೆಯೊಂದನ್ನು ಎರಡು ಸಲ ಮಡಿಸಿ, ಬೆನ್ನಿಗೆ ದಾರ ಹಾಕಿ ಹೊಲಿದು, ಮೇಲಿನ ಮಡಿಕೆಯನ್ನು ಕತ್ತರಿಸಿದರೆ ಎಂಟು ಪುಟಗಳಾಗುತ್ತವೆ. ಹಳೆಯ ಕ್ಯಾಲೆಂಡರು ರಕ್ಷಾಪುಟವಾದೀತು. ವಸ್ತುವಿಗೆ ಕೊರತೆಯಿಲ್ಲ: ಕಾಲುವೆಗೆ ನೀರು ಬಿಟ್ಟ ದಿನ, ಅಜ್ಜಿ ಹೇಳಿದ ಕಥೆ, ಜೋಳದ ರಾಶಿ, ಊರ ಜಾತ್ರೆ, ಕ್ರಿಸ್ತಜಯಂತಿಯ ಗೋದಲಿ. ಮನೆಮಾತು ಬೇರೆಯಿದ್ದ ಮಗು ಒಂದು ಪುಟದಲ್ಲಿ ಆ ಮಾತನ್ನೂ ಎದುರು ಪುಟದಲ್ಲಿ ಕನ್ನಡವನ್ನೂ ಬರೆಯಲಿ. ಪ್ರಕಟಣೆಯೆಂದರೆ ನಾಲ್ಕು ಜನರ ಮುಂದೆ ತರುವುದು. ಐದು ಜೆರಾಕ್ಸ್ ಪ್ರತಿ ಮಾಡಿಸಿ; ಒಂದು ಮನೆಗೆ, ಒಂದು ಶಾಲೆಯ ಕಪಾಟಿಗೆ, ಒಂದು ನೆರೆಯೂರಿನ ಶಾಲೆಗೆ, ಒಂದು ಚರ್ಚಿಗೆ, ಒಂದು ಗ್ರಾಮದ ಗ್ರಂಥಾಲಯಕ್ಕೆ.

ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಕೆಂಪು ಶಾಯಿಗೆ ಅವಸರ ಬೇಡ. ಮಗು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಲಿ. ಅಲ್ಪಪ್ರಾಣ ಮಹಾಪ್ರಾಣಗಳ ತಿದ್ದುಪಡಿ ಎರಡನೆಯ ಪ್ರತಿಯಲ್ಲಿ ಆಗಲಿ. ಇತರರು ಓದಲಿರುವರೆಂದು ತಿಳಿದಾಗ ಮಗುವೇ ಸರಿಯಾದ ಅಕ್ಷರವನ್ನು ಕೇಳಿ ಬರೆಯುತ್ತದೆ. ಎರಡನೆಯದು, ಮಕ್ಕಳ ಹೆಸರಿನಲ್ಲಿ ದೊಡ್ಡವರು ಬರೆಯುವುದು ಸಲ್ಲದು. ಅಂದವಾದ ಸುಳ್ಳಿಗಿಂತ ಅಂಕುಡೊಂಕಾದ ನಿಜವೇ ಮೇಲು.

ಪಾಠ ಮುಗಿಸುವುದಕ್ಕೇ ವೇಳೆ ಸಾಲದೆಂದು ಶಿಕ್ಷಕರು ಹೇಳಬಹುದು. ಆದರೆ ಇದು ಪಾಠಕ್ಕೆ ಹೊರತಾದುದಲ್ಲ. ಓದು, ಬರಹ, ವ್ಯಾಕರಣ, ಚಿತ್ರ ಎಲ್ಲವೂ ಇದರಲ್ಲಿ ಅಡಗಿವೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಗಂಟೆ ಸಾಕು. ತಾಯ್ತಂದೆಯರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು. ತಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ; ಮಗು ತನ್ನ ಪುಸ್ತಕವನ್ನು ಓದಿ ಹೇಳುವಾಗ ಕೆಲಸ ಬಿಟ್ಟು ಕುಳಿತು ಕೇಳಿರಿ.

ಸ್ಮರಣ ಸಂಚಿಕೆಗಳನ್ನು ಸಿದ್ಧಗೊಳಿಸುವವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು: ಹಿಂದಿನವರ ಬದುಕಿನಲ್ಲಿ ಬಹುಭಾಗ ಬರೆದಿಡುವವರಿಲ್ಲದೆ ಅಳಿದುಹೋಗಿದೆ. ಮುಂದಿನ ಸಂಚಿಕೆಯವರಿಗೆ ಆ ಕಷ್ಟ ಬಾರದಿರಲಿ. ಪ್ರತಿ ಮಗುವೂ ಐದನೆಯ ತರಗತಿ ಮುಗಿಸುವುದರೊಳಗೆ ಒಂದಾದರೂ ಪುಸ್ತಕ ಬರೆಯಲಿ. ಅವುಗಳಿಗಾಗಿ ಕಪಾಟಿನಲ್ಲಿ ಒಂದು ಅರೆ ತೆರವಾಗಲಿ. ವಾರ್ಷಿಕ ಹಬ್ಬದ ದಿನ ಆ ವರ್ಷದ ಪುಸ್ತಕಗಳನ್ನು ಮಕ್ಕಳೇ ನಿಂತು ಓದಲಿ. ಈ ಕಾರ್ಯ ಬರುವ ಶನಿವಾರವೇ ಆರಂಭವಾಗಲೆಂದು ಕೋರುತ್ತೇನೆ.